ಸೂಲಂಗಿ ಬಿಡುವ ಹೊತ್ತು

ಹಸ್ತಾ ಮಳೆ ರಾತ್ರಿಯೇ ಸುರಿದು ಹೋಗಿತ್ತು. ಬೆಳಗಿನ ಆರು ಗಂಟೆಗೆ ಜಮಖಂಡಿಯ ರಾಮತೀರ್ಥದ ಗುಡ್ಡ ಏರಿದಾಗ ಕಲ್ಲುಗಳೆಲ್ಲ ಇನ್ನೂ ಒದ್ದೆ, ಹುಲ್ಲಿನ ತುದಿಗೆಲ್ಲ ಹನಿ. ಪಟವರ್ಧನ ಅರಸರ ಹಳೆಯ ಅರಮನೆಯ ಮೇಲೆ ಗಿಳಿಗಳ ಹಿಂಡು ಕಿರುಚುತ್ತ ಒಂದು ಸುತ್ತು ಹಾಕಿತು. ಕೆಳಗೆ ಊರು ಏಳುತ್ತಿತ್ತು. ಮಾಳಿಗೆ ಮನೆಗಳ ಬೆಳಕಿಂಡಿಗಳಿಂದ ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಉತ್ತರದಲ್ಲಿ ಕೃಷ್ಣೆ ಹರಿಯುವ ದಿಕ್ಕಿಗೆ ಮಂಜು ಬಿಳಿ ಪಂಚೆಯಂತೆ ಉದ್ದಕ್ಕೆ ಹಾಸಿತ್ತು.

ಅಳಿಯ ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಕಾಯುತ್ತಿದ್ದ. ಅವನು ನನ್ನ ಅಕ್ಕನ ಮಗ, ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ಕಳೆದ ವರ್ಷ ಕಬ್ಬಿನ ಬಿಲ್ ಕೈಗೆ ಬಂದಾಗ ಭಾವ ಅವನಿಗೊಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಡಿಸಿದರು. ಅದರ ಜೊತೆ ಬಂದ ಸಾಧಾರಣ ಲೆನ್ಸ್ ಒಂದೇ ಅವನ ಆಸ್ತಿ. ಕಾಲೇಜು ಮುಗಿದ ಮೇಲೆ, ಹೊಲದ ಕೆಲಸ ಮುಗಿದ ಮೇಲೆ, ಉಳಿದ ಹೊತ್ತೆಲ್ಲ ಅದರದೇ ಧ್ಯಾನ. ಆವತ್ತು ಮಾತ್ರ ಮುಖ ಬಾಡಿತ್ತು.

"ಮಾಮಾ, ನಮ್ಮ ಕಡೆ ಶರತ್ಕಾಲ ಅಂದ್ರ ಫೋಟೋ ತಗಿಯೂವಂಥಾದ್ದು ಏನೈತ್ರಿ? ಕಾಶ್ಮೀರದಾಗ ನೋಡ್ರಿ, ಚಿನಾರ ಗಿಡ ಪೂರಾ ಕೆಂಪಾಗ್ತಾವ. ನಮ್ಮ ಬೇವಿನಗಿಡ ಹೆಂಗಿತ್ತೋ ಹಂಗ ಇರ್ತೈತಿ."

"ಅಲ್ಲಿ ಆಗ ಗಿಡ ಮಲಗಾಕ ಹೊಂಟಿರ್ತಾವ ತಮ್ಮಾ. ನಮ್ಮಲ್ಲಿ ಆಗ ಭೂಮಿ ಬಸುರಿ. ನೀ ತಗಿಬೇಕಾದ್ದು ಆ ಬಸುರಿನ ಕಳೆ."

ಮಾತು ಅವನಿಗೆ ಪೂರಾ ಒಪ್ಪಿಗೆಯಾಗಲಿಲ್ಲ. ಆದರೆ ಓದುತ್ತಿರುವುದು ವಿಜ್ಞಾನವಾದ್ದರಿಂದ ಕಾರಣ ಹೇಳಿದರೆ ಕೇಳುತ್ತಾನೆ. ಚಳಿ ಸೀಮೆಯಲ್ಲಿ ಹಗಲು ಕಿರಿದಾಗುತ್ತಿದ್ದಂತೆ ಗಿಡ ಎಲೆಗೆ ಹಸಿರು ತುಂಬುವುದನ್ನು ನಿಲ್ಲಿಸುತ್ತದೆ. ಅದುವರೆಗೆ ಅಡಗಿದ್ದ ಹಳದಿ ಆಗ ಹೊರಗೆ ಕಾಣುತ್ತದೆ. ನಮ್ಮ ಕಡೆಯ ಗಿಡಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ನೆಲದ ಹಸಿ ಆರಿದಾಗ. ಅದು ಮಾಘ, ಫಾಲ್ಗುಣದ ಮಾತು. ಆಶ್ವಯುಜ, ಕಾರ್ತಿಕಗಳಲ್ಲಿ ಮುಂಗಾರು ಧೂಳನ್ನೆಲ್ಲ ತೊಳೆದು ಹೋಗಿರುತ್ತದೆ. ಆಕಾಶ ನೀಲಿಯಾಗಿ ಆಳಕ್ಕೆ ಇಳಿದಿರುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿ, ಬಿಸಿಲು ಓರೆಯಾಗಿ ಬಿದ್ದು, ಪ್ರತಿ ಕಲ್ಲಿಗೂ ಪ್ರತಿ ಕಾಳಿಗೂ ಉದ್ದನೆಯ ನೆರಳು ಕೊಡುತ್ತದೆ. ಫೋಟೋ ತೆಗೆಯುವವನಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಬೆಳಕು ನಮ್ಮ ಸೀಮೆಯಲ್ಲಿ ಸಿಗದು.

ಅಲ್ಲೇ ಗುಡ್ಡದ ಮೇಲೆ ಕೂತು ಇಬ್ಬರೂ ಒಂದು ಲೆಕ್ಕ ಹಾಕಿಕೊಂಡೆವು. ಜಮಖಂಡಿಗೂ ರಬಕವಿ-ಬನಹಟ್ಟಿಗೂ ನೀರು ಕೃಷ್ಣೆಯದು. ಮುಧೋಳದ್ದು ಘಟಪ್ರಭೆ. ಈ ಎರಡೂ ನದಿ ಕೂಡುವುದು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ. ಎರಡು ತಿಂಗಳ ಭಾನುವಾರಗಳಲ್ಲಿ ಬೈಕಿನ ಮೇಲೆ ಈ ಮೂರೂ ಸೀಮೆ ಸುತ್ತಿ, ಕೊನೆಗೆ ಸಂಗಮ ಮುಟ್ಟುವುದು ಎಂದು ಗೊತ್ತಾಯಿತು. ಬುತ್ತಿ ಕಟ್ಟಿಕೊಡುವ ಹೊಣೆ ಅಕ್ಕನದು.

ಮೊದಲ ಚಿತ್ರ ಅಕ್ಕ-ಭಾವನ ಹೊಲದಲ್ಲೇ ಸಿಕ್ಕಿತು. ಸೀಗಿ ಹುಣ್ಣಿಮೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಅರಿಷಿಣ ಕುಂಕುಮ ಏರಿಸಿದರು. ಅಕ್ಕ ಸೆರಗು ಹೊದ್ದು ಕರಿಗಡಬು, ಎಣ್ಣೆಗಾಯಿ, ಪುಂಡಿಪಲ್ಲೆ, ಸಜ್ಜೆ ರೊಟ್ಟಿಯ ಎಡೆ ಹಿಡಿದಳು. ಭಾವ ಚರಗದ ಬುಟ್ಟಿ ಹೊತ್ತು, ಕೂಗು ಹಾಕುತ್ತ, ಹೊಲದ ನಾಲ್ಕೂ ಬದುವಿಗೆ ಚೆಲ್ಲುತ್ತ ನಡೆದರು. ಬಸುರಿ ಹೆಣ್ಣಿಗೆ ಬಯಕೆ ಉಣಿಸುವ ಹಾಗೆ ಭೂಮಿಗೆ ಉಣಿಸುವ ದಿನ ಇದು. ಬದುವಿನ ಮೇಲೆ ಗುರೆಳ್ಳು ಹೂ ಬಿಟ್ಟು ಹಳದಿ ಅಂಚು ನೇಯ್ದಂತಿತ್ತು. ತೊಗರಿ ಮೊಗ್ಗಿಗೆ ಬಂದಿತ್ತು. ಹಿಂಗಾರಿ ಬಿಳಿಜೋಳ ಎರೆಭೂಮಿಯಲ್ಲಿ ಬೆರಳುದ್ದ ಎದ್ದಿತ್ತು.

ಅಳಿಯ ಮಂಡಿಯೂರಿ ಆ ಎಳೆ ಪೈರಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದ. ಭಾವನ ಕೈಯಿಂದ ಚಿಮ್ಮಿದ ಚರಗದ ಅಗುಳು ಗಾಳಿಯಲ್ಲಿರುವಾಗಲೇ ಹಿಡಿಯಬೇಕೆಂಬ ಹಟ. ಐದು ಸಲ ತಪ್ಪಿತು. ಆರನೇ ಸಲ ಸಿಕ್ಕಿತು: ಮುಂದೆ ಮಸುಕಾದ ಹಸಿರು, ಅದರಾಚೆ ಒಂದು ಕೈ, ಕೈಯಾಚೆ ನೀಲಿಯಲ್ಲಿ ನಿಂತ ಬಿಳಿ ಅಗುಳುಗಳು.

"ಮೊದ್ಲ ಉಣ್ಣು ಬಾ. ಭೂಮ್ತಾಯಿ ಉಂಡಳು, ನೀ ಇನ್ನ ಉಪಾಸ ಇದ್ದಿ" ಎಂದು ಅಕ್ಕ ಕರೆದಳು.

ಮುಂದಿನ ಭಾನುವಾರ ಚಿಕ್ಕಪಡಸಲಗಿಗೆ ಹೋದೆವು. ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಬ್ಯಾರೇಜ್ ಅಲ್ಲಿದೆ. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. 1989ರಲ್ಲಿ ಕಟ್ಟಡ ಮುಗಿದ ಮೇಲೆ ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. ಶ್ರಮಬಿಂದು ಸಾಗರ ಎಂಬ ಹೆಸರು ಆ ನೀರಿಗೆ ತಕ್ಕುದಾಗಿದೆ. ದಂಡೆಯುದ್ದಕ್ಕೂ ಕಣ್ಣು ಮುಟ್ಟುವವರೆಗೆ ಕಬ್ಬು, ನಡುನಡುವೆ ಅಗಲ ಎಲೆಯ ಅರಿಷಿಣ. ಅಳಿಯ ನೀರಿನ ಮೇಲೆ ಬಿದ್ದ ಮೋಡದ ನೆರಳು ತೆಗೆದ. ಆಮೇಲೆ ದಂಡೆಯ ಮನೆಯೊಂದರ ಗೋಡೆಗೆ ತಿರುಗಿದ. ಸುಣ್ಣದ ಗೋಡೆಯ ಮೇಲೆ ಎದೆಯೆತ್ತರಕ್ಕೆ ಕಂದು ಗೆರೆಯೊಂದು ಎಳೆದಿತ್ತು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ನೀರು ನಿಂತ ಗುರುತು. ಆ ಗೆರೆಗೆ ತಾಗಿ ಕಟ್ಟೆಯ ಮೇಲೆ ಚೆಂಡು ಹೂವಿನ ರಾಶಿ ಹರವಿತ್ತು, ದೀಪಾವಳಿಗೆ ಪೇಟೆಗೆ ಹೋಗಲು ಸಿದ್ಧವಾಗಿ. ಅವನು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ. ನದಿ ಕೊಟ್ಟದ್ದೂ ನದಿ ಒಯ್ದದ್ದೂ ಆ ಒಂದು ಚಿತ್ರದಲ್ಲಿದೆ.

ರಬಕವಿ-ಬನಹಟ್ಟಿ ಕಿವಿಗೆ ಮೊದಲು ಸಿಗುವ ಊರು. ಓಣಿ ಹೊಕ್ಕರೆ ಸಾಕು, ಎರಡೂ ಬದಿಯ ಮನೆಗಳಿಂದ ಮಗ್ಗದ ಖಟಖಟ ನಿಲ್ಲದೆ ಬರುತ್ತದೆ. ಬಹಳಷ್ಟು ಈಗ ವಿದ್ಯುತ್ ಮಗ್ಗ. ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು. ಹಬ್ಬ ಹತ್ತಿರವಿದ್ದುದರಿಂದ ಬಣ್ಣ ಅದ್ದಿದ ನೂಲಿನ ಲಡಿಗಳನ್ನು ಬಯಲಲ್ಲಿ ಬಿದಿರಿಗೆ ಏರಿಸಿ ಒಣಹಾಕಿದ್ದರು. ದಾಳಿಂಬೆ ಕೆಂಪು, ಅರಿಷಿಣ, ಗಿಳಿಹಸಿರು, ಕಡುನೀಲಿ. ಗಾಳಿ ಬೀಸಿದಾಗ ಸಾಲಿಗೆ ಸಾಲೇ ತೂಗುತ್ತಿತ್ತು. ಅಳಿಯ ಬಹಳ ಹೊತ್ತು ಮಾತಾಡದೆ ನಿಂತ. "ಮಾಮಾ, ಕೆಂಪ ಎಲಿ ಇಲ್ಲ ಅಂದಿದ್ನೆಲ್ಲ, ಇಲ್ಲಿ ನೋಡ್ರಿ" ಎಂದ.

ಒಂದು ಮನೆಯ ಬಾಗಿಲಲ್ಲಿ ಹಿರಿಯಾಕೆಯೊಬ್ಬಳು ರಾಟಿ ತಿರುವಿ ಕಂಡಿಕೆ ಸುತ್ತುತ್ತಿದ್ದಳು. ಒಳಗೆ ಮಗ ಮಗ್ಗದ ಮುಂದೆ.

"ಅವ್ವಾರ, ಒಂದ್ ಫೋಟೋ ತಗೀಲೇನ್ರಿ?"

"ತಗಿಯಪಾ. ಆದ್ರ ನಾವು ಕೆಲ್ಸ ನಿಂದ್ರಸೂದಿಲ್ಲ ನೋಡು. ಹಬ್ಬ ಮುಂದ ಐತಿ."

"ನಿಂದ್ರಸಬ್ಯಾಡ್ರಿ, ನನಗ ಅದs ಬೇಕು."

ಆ ಮಗ್ಗದ ಮುಂದೆ ಅವನು ಮುಕ್ಕಾಲು ತಾಸು ಕಳೆದ. ಶಟರ್ ವೇಗ ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಇಟ್ಟಾಗ ಲಾಳಿ ಗಾಳಿಯಲ್ಲೇ ಗೂಟ ಹೊಡೆದಂತೆ ನಿಂತುಬಿಟ್ಟಿತು. ಚಿತ್ರ ಚೊಕ್ಕ, ಆದರೆ ಜೀವವಿಲ್ಲ. ಹದಿನೈದನೇ ಒಂದು ಭಾಗಕ್ಕೆ ಇಳಿಸಿ, ಉಸಿರು ಬಿಗಿಹಿಡಿದು, ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಗುಂಡಿ ಒತ್ತಿದ. ಈಗ ಲಾಳಿ ಒಂದು ಬೆಳ್ಳಿ ಗೆರೆಯಾಗಿ ಹಾಸಿನ ಎಳೆಗಳ ನಡುವೆ ಹಾದುಹೋಗಿತ್ತು. ನೇಕಾರನ ಕಣ್ಣು ಮಾತ್ರ ಅಲುಗದೆ ಸೀರೆಯ ಅಂಚಿನ ಮೇಲೆ ನೆಟ್ಟಿತ್ತು. ದಿನಕ್ಕೆ ಸಾವಿರಾರು ಸಲ ಓಡುವ ಲಾಳಿಯ ಮುಂದೆ ಕೂತು ಕಣ್ಣು ಕದಲಿಸದ ಆ ದುಡಿಮೆ ಅಲ್ಲಿ ಕಾಣುತ್ತದೆ. ಹದಿನೈದು ದಿನ ಬಿಟ್ಟು ಅವನು ಆ ಚಿತ್ರದ ಪ್ರತಿ ತೆಗೆಸಿ ತಂದುಕೊಟ್ಟ. ಹಿರಿಯಾಕೆ ಅದನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಪಕ್ಕ ಒರಗಿಸಿ ಇಟ್ಟಳು. "ನಾ ನೇದ ಸೀರಿ ಎಷ್ಟೋ ಮಂದಿ ಉಟ್ಟಾರ. ನನ್ನ ಮಗಾ ನೇಯೂದನ್ನ ಮಾತ್ರ ಯಾರೂ ನೋಡಿದ್ದಿಲ್ಲ ನೋಡಪಾ" ಎಂದಳು.

ಕಾರ್ತಿಕ ಹುಟ್ಟಿ ಸ್ವಾತಿ ಮಳೆಯ ಮೋಡ ಚದುರಿದ ಮೇಲೆ ಕಬ್ಬು ಸೂಲಂಗಿ, ಎಂದರೆ ಹೂಗರಿ, ಬಿಡುತ್ತದೆ. ಮಹಾಲಿಂಗಪುರದ ಹಾದಿಯಲ್ಲಿ ಸಂಜೆ ಐದು ಗಂಟೆಗೆ ನಾವು ಬೈಕ್ ನಿಲ್ಲಿಸಿದೆವು. ನಡುಹಗಲಲ್ಲಿ ನೋಡಿದರೆ ಸೂಲಂಗಿಗೆ ಬಣ್ಣವೇ ಇಲ್ಲ, ಬೂದಿ ಬಳಿದ ಗರಿಯಂತೆ ಕಾಣುತ್ತದೆ. ಸೂರ್ಯ ಕಬ್ಬಿನ ಹಿಂದಕ್ಕೆ ಇಳಿದಾಗ ನೋಡಬೇಕು. ಒಂದೊಂದು ಗರಿಯ ಒಂದೊಂದು ಎಳೆಗೂ ಬೆಳಕು ಹತ್ತಿ, ಇಡೀ ಹೊಲದ ನೆತ್ತಿಗೆ ಬೆಳ್ಳಿಯ ನೊರೆ ಬಂದಂತಾಗುತ್ತದೆ. ಬಳಿಕ ಅದು ಹೊಂಬಣ್ಣಕ್ಕೆ, ಮುಳುಗುವ ಮೊದಲ ಕೆಲವು ನಿಮಿಷ ಗುಲಾಬಿಗೆ ತಿರುಗುತ್ತದೆ. ಬೆಳಕಿಗೆ ಎದುರಾಗಿ ತೆಗೆಯುವಾಗ ಕ್ಯಾಮೆರಾ ಮೋಸಹೋಗುತ್ತದೆ, ಗರಿ ಕಪ್ಪಾಗುತ್ತದೆ. ಅಳಿಯ ಬೆಳಕಿನ ಅಳತೆಯನ್ನು ಗರಿಯ ಮೇಲಿಂದಲೇ ತೆಗೆದುಕೊಳ್ಳಲು ಆ ಸಂಜೆ ಕಲಿತ. ಹೊಲದ ಯಜಮಾನನಿಗೆ ಸೂಲಂಗಿ ಕಂಡರೆ ಖುಷಿಯಿಲ್ಲ ಎಂಬುದನ್ನೂ ಅವತ್ತೇ ಕಲಿತ. ಸೂಲಂಗಿ ಬಿಟ್ಟ ಕಬ್ಬಿನ ಬೆಳವಣಿಗೆ ಅಲ್ಲಿಗೆ ಮುಗಿಯಿತು. ತಡಮಾಡಿದರೆ ಬೆಂಡಾಗಿ ತೂಕ ಕಳೆದುಕೊಳ್ಳುತ್ತದೆ. ಫ್ಯಾಕ್ಟರಿಯ ಸರದಿ ಬರುವವರೆಗೆ ರೈತನ ಕಣ್ಣು ಆ ಗರಿಯ ಮೇಲೇ ಇರುತ್ತದೆ.

ಆಚೆ ಗಾಣದ ಮನೆಯಲ್ಲಿ ಹೊಸ ಹಂಗಾಮಿನ ಬೆಂಕಿ ಹೊತ್ತಿತ್ತು. ಮಹಾಲಿಂಗಪುರದ ಬೆಲ್ಲಕ್ಕೆ ದೂರದೂರದ ಪೇಟೆಗಳಲ್ಲಿ ಹೆಸರಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಹಸಿರು, ಆಮೇಲೆ ಕಂದು, ಕೊನೆಗೆ ಬಂಗಾರದ ಗುಳ್ಳೆಯೊಡೆದು ಕುದಿಯುತ್ತದೆ. ಹಬೆಯ ನಡುವೆ ನಿಂತ ಆಳುಮಕ್ಕಳ ಮುಖ ಮೂಡಿ ಮಾಯವಾಗುವುದನ್ನು ಅವನು ತೆಗೆದ. ಕೈಗೆ ಬಿಸಿ ಕಾಕಂಬಿ ಬಂತು, ಜೊತೆಗೆ ಶೇಂಗಾ.

ಆ ದಿನ ಹೋಗುವ ದಾರಿಯಲ್ಲೇ ಕಬ್ಬು ಕಡಿದ ಹೊಲವೊಂದರಲ್ಲಿ ರವದಿಗೆ, ಎಂದರೆ ಉಳಿದ ಒಣ ಎಲೆಗೆ, ಬೆಂಕಿಯಿಟ್ಟಿದ್ದರು. ಹೊಗೆಯ ಒಳಗಿಂದ ಬಿಸಿಲಕೋಲು ತೂರಿ ಬರುತ್ತಿತ್ತು, ನೋಡಲು ಅಪೂರ್ವವೇ. ಅಳಿಯ ಓಡಿಹೋಗಿ ತೆಗೆದ. ಪಕ್ಕದ ಹೊಲದ ರೈತರೊಬ್ಬರು ಹತ್ತಿರ ಬಂದು, "ಚಂದ ಕಾಣತೈತಿ ಖರೆ ತಮ್ಮಾ, ಆದ್ರ ಸುಡಾಕತ್ತಿದ್ದು ಮಣ್ಣಿನ ಜೀವಾ" ಎಂದರು. ರವದಿಯನ್ನು ಹೊಲದಲ್ಲೇ ಮುಚ್ಚಿಗೆ ಮಾಡಿದರೆ ಹಸಿ ಉಳಿಯುತ್ತದೆ, ಗೊಬ್ಬರವಾಗುತ್ತದೆ ಎಂದು ತಮ್ಮ ಹೊಲ ತೋರಿಸಿದರು. ಅಳಿಯ ಎರಡೂ ಹೊಲಗಳ ಚಿತ್ರ ಇಟ್ಟುಕೊಂಡಿದ್ದಾನೆ, ಒಂದರ ಪಕ್ಕ ಒಂದು. ಕಣ್ಣಿಗೆ ಚಂದ ಕಂಡದ್ದೆಲ್ಲ ಒಳ್ಳೆಯದಲ್ಲ ಎಂಬ ಪಾಠ ಫೋಟೋ ತೆಗೆಯುವವನಿಗೆ ಬೇಗ ಸಿಕ್ಕಷ್ಟೂ ಲೇಸು.

ಮುಧೋಳಕ್ಕೆ ಹೋದಾಗ ಘಟಪ್ರಭೆ ಕೆಂಪು ಇಳಿದು ತಿಳಿಯಾಗಿತ್ತು. ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ಏರಿದ ಕವಿ. ಪೇಟೆಯಲ್ಲಿ ಬಳೆ ಅಂಗಡಿಗಳ ಮುಂದೆ ಹೆಣ್ಣುಮಕ್ಕಳು ಮುಗಿಬಿದ್ದಿದ್ದರು. ಗಾಜಿನ ಬಳೆಯ ತೋಳುಗಳ ನಡುವೆ, ಎಳೆ ಮುಂಗೈಯನ್ನು ಹಿಡಿದು ನೋಯದಂತೆ ಬಳೆ ಏರಿಸುವ ಹಿರಿಯ ಬೆರಳುಗಳನ್ನು ಮಾತ್ರ ಅಳಿಯ ಹತ್ತಿರದಿಂದ ತೆಗೆದ. ಸಾವಿರ ವರ್ಷದ ಹಿಂದಿನ ಕವಿಯ ಮನೆತನದ ಕಸುಬು ಅದೇ ಊರಿನ ಪೇಟೆಯಲ್ಲಿ ಹೀಗೆ ಕಣ್ಣೆದುರು ನಡೆಯುವಾಗ ಬೇರೆ ಸ್ಮಾರಕ ಹುಡುಕಬೇಕಿಲ್ಲ.

ಊರ ಹೊರಗೆ ಕುರುಬರ ಹುಡುಗನೊಬ್ಬ ತನ್ನ ಮುಧೋಳ ನಾಯಿಯನ್ನು ಬಯಲಿಗೆ ಬಿಟ್ಟ. ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದ್ದು, ಕಾಲು ಉದ್ದ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಇದು. ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಗೋವಿನಜೋಳ ಕೊಯ್ದ ಕೂಳೆಯ ಮೇಲೆ ಅದು ಹಾರಿದಾಗ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಆ ಒಂದು ಕ್ಷಣ ಸಿಕ್ಕಿತು, ಕೆಳಗೆ ಅದರ ಉದ್ದನೆಯ ಕಾರ್ತಿಕದ ನೆರಳಿನ ಸಮೇತ.

ಬೀಳಗಿಯ ಕಡೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಕರಿ ಎರೆ ಹಿಂದುಳಿದು ಕಲ್ಲು, ಕುರುಚಲು, ಹೊನ್ನಾವರಿಕೆಯ ಹಳದಿ ಹೂ ಎದುರಾಗುತ್ತವೆ. ಯಡಹಳ್ಳಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಸಾರಿದರು. ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹರಡಿದ 96 ಚದರ ಕಿಲೋಮೀಟರಿನಷ್ಟು ನೆಲ. ಚಿಂಕಾರ ನೀರಿಗಾಗಿ ಅಲೆಯುವ ಪ್ರಾಣಿಯಲ್ಲ. ಎಲೆ, ಹುಲ್ಲಿನ ಹಸಿಯಲ್ಲೇ ಬಹುಕಾಲ ಕಳೆಯುತ್ತದೆ. ರಸ್ತೆ ಬಿಟ್ಟು ಒಳಗೆ ಹೋಗಬಾರದೆಂದು ಮೊದಲೇ ಮಾತಾಗಿತ್ತು. ಹೊತ್ತೇರುವವರೆಗೆ ಕಾದರೂ ಚಿಂಕಾರ ಕಾಣಲಿಲ್ಲ. ರಸ್ತೆಯಂಚಿನ ಹಸಿಮಣ್ಣಿನಲ್ಲಿ ಸಣ್ಣ ಗೊರಸಿನ ಜೋಡಿ ಗುರುತುಗಳಿದ್ದವು, ಪಕ್ಕದಲ್ಲಿ ಮುರಿಯದೆ ಉಳಿದ ಇಬ್ಬನಿಯ ಜೇಡರ ಬಲೆ. ಅಳಿಯ ಅದನ್ನೇ ತೆಗೆದು ಕ್ಯಾಮೆರಾ ಚೀಲಕ್ಕಿಟ್ಟ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳಿಗಾಗಿಯೇ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಕಾದದ್ದನ್ನು ಅವನಿಗೆ ಹೇಳಿದೆ. ನಮ್ಮ ಮನೆಯ ಸುತ್ತಲಿನದನ್ನು ಕಾಯುವ ತಾಳ್ಮೆ ಬಂದರೆ ಫೋಟೋ ತಾನಾಗಿ ಬರುತ್ತದೆ.

ಚಿಕ್ಕಸಂಗಮಕ್ಕೆ ಮುಟ್ಟಿದಾಗ ಸಂಜೆ ನಾಲ್ಕು ಗಂಟೆ. ಎರಡು ನದಿ ಎಲ್ಲಿ ಕೂಡಿದವೆಂದು ಹೇಳುವ ಹಾಗಿರಲಿಲ್ಲ. ಆಲಮಟ್ಟಿ ಜಲಾಶಯ ತುಂಬಿ, ಅದರ ಹಿನ್ನೀರು ಕಡಲಿನಂತೆ ಹರಡಿತ್ತು. ನೀರಿನ ನಡುವೆ ಒಣಗಿದ ಗಿಡಗಳ ಬರಿ ಕೊಂಬೆ, ಕೊಂಬೆಯ ಮೇಲೆ ರೆಕ್ಕೆ ಒಣಗಿಸಿಕೊಳ್ಳುವ ನೀರುಕಾಗೆಗಳು. ಇನ್ನೂ ಚಳಿ ಬಲಿತರೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಈ ನೀರಿಗೆ ಬಂದಿಳಿಯುತ್ತವೆ. ಬೇಸಿಗೆಯಲ್ಲಿ ನೀರು ಸರಿದಾಗ ರಾಜಹಂಸಗಳ ಹಿಂಡು.

ದಂಡೆಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ನೋಡುತ್ತಿದ್ದಳು. ಹತ್ತಿರದ ಪುನರ್ವಸತಿ ಕೇಂದ್ರದವಳು.

"ಏನ್ ತಗ್ಯಾಕತ್ತೀಯೋ ಯಪ್ಪಾ, ಬರೇ ನೀರ ಐತಲ್ಲ?"

"ನೀರಿಂದs ತಗ್ಯಾಕತ್ತೀನಿ ಆಯಿ."

ಅವಳು ಎದ್ದು ಬಂದು ಕೋಲು ಎತ್ತಿ ತೋರಿಸಿದಳು. "ಅಲ್ನೋಡು, ಆ ಬೋಳಗಿಡದ ಬಲಕ್ಕ ನಮ್ಮ ಓಣಿ. ಅದರಾಚಿ ಬನ್ನಿಗಿಡ. ದಸರಾದಾಗ ಊರ ಮಂದಿಯೆಲ್ಲಾ ಬನ್ನಿ ಮುಡಿಯೂದು ಅಲ್ಲೇ. ನಮ್ಮ ಎರಡೆಕ್ರೆ ಹೊಲಾ ಅದರ ಬಾಜೂಕ." ಒಂದು ಘಳಿಗೆ ಸುಮ್ಮನಿದ್ದು ಕೇಳಿದಳು: "ನಿನ್ನ ಡಬ್ಬಿಯೊಳಗ ಅದು ಕಾಣತೈತೇನು?"

ಅಳಿಯನಿಗೆ ಉತ್ತರ ಹೊಳೆಯಲಿಲ್ಲ. ಅವನು ನೀರನ್ನು ಬಿಟ್ಟು ಅವಳ ಪಕ್ಕಕ್ಕೆ ಬಂದು ನಿಂತ. ಎತ್ತಿದ ಕೋಲು, ಅದನ್ನು ಹಿಡಿದ ಹಸಿರು ಬಳೆಯ ಕೈ, ಕೋಲಿನ ತುದಿ ತೋರಿಸುವ ದಿಕ್ಕಿಗೆ ಖಾಲಿ ನೀರು, ಅದರ ಮೇಲೆ ಇಳಿಯುವ ಸೂರ್ಯ. ಎರಡು ತಿಂಗಳಲ್ಲಿ ಅವನು ತೆಗೆದ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಅವಳ ಓಣಿ ಅಲ್ಲಿ ಕಾಣುವುದಿಲ್ಲ. ಓಣಿ ಎಲ್ಲಿತ್ತು ಎಂಬುದು ಕಾಣುತ್ತದೆ.

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. ಏರಿಸಿದ ದಿನ ನಮ್ಮ ಜಿಲ್ಲೆಯ ಇನ್ನಷ್ಟು ಊರು, ಇನ್ನಷ್ಟು ಎರೆಹೊಲ, ಇನ್ನಷ್ಟು ಬನ್ನಿಗಿಡ ನೀರಿನ ಒಳಗೆ ಹೋಗುತ್ತವೆ. ಆ ನೀರಿನಿಂದ ಬರದ ಸೀಮೆಗಳ ಹೊಲ ನನೆಯುವುದೂ ನಿಜ. ಆದರೆ ಹೋಗುವ ಊರುಗಳ ಮುಖವನ್ನು, ಅವು ತುಂಬಿ ತುಳುಕುವ ಶರತ್ಕಾಲದಲ್ಲಿ, ಒಮ್ಮೆಯಾದರೂ ಚೆನ್ನಾಗಿ ನೋಡಿ ಹಿಡಿದಿಡುವವರು ಬೇಕಲ್ಲವೇ? ಹೊರಗಿನಿಂದ ಬರುವವರು ಅರಮನೆ ತೆಗೆಯುತ್ತಾರೆ, ಅಣೆಕಟ್ಟು ತೆಗೆಯುತ್ತಾರೆ. ಓಣಿ ಯಾವುದು, ಬನ್ನಿಗಿಡ ಯಾವುದು ಎಂಬುದು ಗೊತ್ತಿರುವುದು ಊರ ಮಕ್ಕಳಿಗೆ.

ಗೌರಿ ಹುಣ್ಣಿಮೆಯ ಸಂಜೆ, ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಗುಡಿಗೆ ಹೊರಟ ಹೊತ್ತಿಗೆ, ಅಳಿಯ ಪಡಸಾಲೆಯಲ್ಲಿ ಹುರಿ ಕಟ್ಟಿ ನಲವತ್ತು ಚಿತ್ರಗಳನ್ನು ತೂಗುಹಾಕಿದ. ಓಣಿಯ ಮಂದಿ ಬಂದು ನೋಡಿದರು. ಪ್ರತಿ ಚಿತ್ರದ ಹಿಂದೆ ಪೆನ್ನಿನಿಂದ ಊರು, ತಾಲೂಕು, ದಿನಾಂಕ, ಆವತ್ತಿನ ಮಳೆ ಯಾವುದು, ಹೊಲದಲ್ಲಿ ಏನಿತ್ತು ಎಂದು ಬರೆದಿದ್ದ. ಅಜ್ಜಿಯ ಚಿತ್ರದ ಹಿಂದೆ ಅವಳು ಹೇಳಿದ ಓಣಿಯ ಹೆಸರೂ ಇತ್ತು. ಅದರ ಇನ್ನೊಂದು ಪ್ರತಿ ಅವಳ ಮನೆ ಮುಟ್ಟಿದೆ.

ನಿಮ್ಮ ಮನೆಯಲ್ಲೂ ಫೋಟೋ ತೆಗೆಯುವ ಒಬ್ಬ ಹುಡುಗ ಅಥವಾ ಹುಡುಗಿ ಇರಬಹುದು. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲಾದರೂ ಇರುತ್ತದೆ. ಬರುವ ಆಶ್ವಯುಜದಲ್ಲಿ ಒಂದು ಭಾನುವಾರ ಅವರನ್ನು ಕರೆದುಕೊಂಡು ನಿಮ್ಮೂರ ಹೊಲ, ಹೊಳೆದಂಡೆ ಸುತ್ತಿ ಬನ್ನಿ. ತೆಗೆದ ಚಿತ್ರದ ಹಿಂದೆ ಊರಿನ ಹೆಸರು, ದಿನಾಂಕ ಬರೆಸಿ. ಒಂದು ಪ್ರತಿಯನ್ನು ಚಿತ್ರದಲ್ಲಿರುವವರಿಗೆ ಕೊಟ್ಟು ಬನ್ನಿ.